ಪೂವಮ್ಮನ ಕರುಳು ಏಳುವವರೆಗೆ

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕಂಡಾಗ, "ರಕ್ತ ನೋಡಿ ಹೆದರಿಕೆ ಆಗ್ತಿರಲಿಲ್ವಾ ಮೇಡಂ?" ಎಂದು ಕೇಳುತ್ತಾರೆ. ರಕ್ತಕ್ಕೆ ಯಾರಾದರೂ ಬೇಗ ಒಗ್ಗಿಕೊಳ್ಳುತ್ತಾರೆ. ನನಗೆ ಹೆದರಿಕೆ ಮತ್ತು ಬೆರಗು ಎರಡೂ ಕೊನೆಯವರೆಗೆ ಉಳಿದದ್ದು ಹೊಟ್ಟೆಯ ಬಗ್ಗೆ. ನಾವು ಬಾಯಿಗೆ ಹಾಕಿ ನುಂಗುವವರೆಗೆ ಮಾತ್ರ ಅದರ ಯಜಮಾನರು. ಗಂಟಲು ಇಳಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಅದರ ಕೆಲಸ ಅದಕ್ಕೆ ಗೊತ್ತು.

ಬಡ್ತಿ, ವರ್ಗಾವಣೆಗಳ ವಿಷಯ ಇಲ್ಲಿ ಬೇಡ. ನನ್ನ ಮೊದಲ ಕೆಲಸದ ಕಾಲದ ಕೆಲವು ಸಂಗತಿಗಳನ್ನಷ್ಟೇ ಬರೆಯುತ್ತೇನೆ. ಆಗ ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿತ್ತು. ಸುಂಟಿಕೊಪ್ಪಕ್ಕೆ ಸಮೀಪದಲ್ಲಿ ಕೆಲವು ಕಾಫಿ ಎಸ್ಟೇಟಿನವರು ಸೇರಿ ಒಂದು ಚಿಕ್ಕ ಆಸ್ಪತ್ರೆ ನಡೆಸುತ್ತಿದ್ದರು. ಹೆಂಗಸರಿಗೊಂದು, ಗಂಡಸರಿಗೊಂದು ವಾರ್ಡು, ಮಧ್ಯೆ ಆಪರೇಷನ್ ಕೋಣೆ, ಮೇಲೆ ಸತುವಿನ ಶೀಟು. ನಾನು ಕುಶಾಲನಗರದ ಕಡೆ ನೆಲೆಸಿದ್ದ ಹಾಸನದವರ ಮನೆಯ ಹುಡುಗಿ. ಪ್ರತಿ ರೋಗಿಗೆ ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಅಳೆದು ಬರೆಯುವುದು ನನ್ನ ಪಾಲಿನ ಕೆಲಸ. ಸಂಜೆ ಕೋಣೆಗೆ ಹೋಗಿ ನನ್ನ ಡೈರಿಯಲ್ಲೂ ಬರೆದುಕೊಳ್ಳುತ್ತಿದ್ದೆ. ಆ ಚಟ ಇದ್ದದ್ದರಿಂದ ಇಂದು ಇಷ್ಟಾದರೂ ಕ್ರಮವಾಗಿ ಹೇಳಲು ಆಗುತ್ತಿದೆ.

ಡಾಕ್ಟರ್ ತಂಗರಾಜ್ ಮದರಾಸಿನ ಕಡೆಯವರು, ಯುದ್ಧದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ದುಡಿದು ಬಂದವರು. ಅವರ ಕನ್ನಡ ಸ್ವಲ್ಪ ತಮಿಳಾಗಿ ಶುರುವಾಗಿ ಹೇಗೋ ಕನ್ನಡದಲ್ಲಿ ಮುಗಿಯುತ್ತಿತ್ತು. ನಾನು ಸೇರಿದ ದಿನ ಪುಸ್ತಕ ಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಕೊಟ್ಟದ್ದು ಒಂದು ಹಿಡಿ ಬಿಳಿ ಅನ್ನ, ಉಪ್ಪಿಲ್ಲದ್ದು.

"ಜಗಿ ಅಮ್ಮಾ. ನುಂಗಬಾರದು. ನಾನು ಸಾಕು ಅನ್ನೋವರೆಗೆ ಜಗಿ."

ದವಡೆ ನೋಯುವಷ್ಟು ಜಗಿದೆ. ಹೆಡ್ ಸಿಸ್ಟರ್ ಮಗ್ದಲೀನ ಪಕ್ಕದಲ್ಲಿ ಬ್ಯಾಂಡೇಜು ಸುತ್ತುತ್ತಾ ನೋಡುತ್ತಿದ್ದರು. ಅವರು ಮಂಗಳೂರಿನವರು. "ಎಮ್ಮೆ ಹಾಗೆ ಮಾಡ್ಬೇಡ ಮಾರಾಯ್ತಿ, ಬಾಯಿ ಮುಚ್ಚಿ ಜಗಿ" ಎಂದರು.

ಸ್ವಲ್ಪ ಹೊತ್ತಿಗೆ ಬಾಯಲ್ಲಿದ್ದ ಅನ್ನ ಸಿಹಿಯಾಯಿತು. ನಾನು ಕಣ್ಣರಳಿಸಿದ್ದು ಕಂಡು ಡಾಕ್ಟರು ತಲೆಯಾಡಿಸಿದರು. "ಸಕ್ಕರೆ ಯಾರು ಹಾಕಿದ್ರು? ನಿನ್ನ ಎಂಜಲು. ಅನ್ನದೊಳಗೆ ಬಚ್ಚಿಟ್ಟುಕೊಂಡಿದ್ದ ಸಿಹೀನ ಅದು ಒಡೆದು ತೆಗೀತು. ಅಡುಗೆ ಮನೇಲಿ ಮುಗಿದಿಲ್ಲ ಅಮ್ಮಾ, ಬಾಯಲ್ಲಿ ಶುರುವಾಗುತ್ತೆ."

ಇನ್ನೊಮ್ಮೆ, ಹೊಟ್ಟೆಹುಣ್ಣಿನ ರೋಗಿಯೊಬ್ಬರ ಮೂಗಿನಿಂದ ರಬ್ಬರ್ ನಳಿಕೆ ಇಳಿಸಿ ಜಠರದ ರಸ ತೆಗೆದಿದ್ದೆವು. ಅದರ ಒಂದು ಹನಿ ನೀಲಿ ಕಾಗದಕ್ಕೆ ಬಿದ್ದ ಕೂಡಲೇ ಕಾಗದ ಕೆಂಪಾಯಿತು. ಮಾಂಸವನ್ನೇ ಕರಗಿಸುವ ಹುಳಿ ಅದು. ಅದನ್ನು ಇಟ್ಟುಕೊಂಡಿರುವ ಚೀಲವೂ ಮಾಂಸದ್ದೇ. "ಹಾಗಾದ್ರೆ ಚೀಲ ಯಾಕೆ ಕರಗಲ್ಲ ಡಾಕ್ಟ್ರೇ?" ಎಂದೆ. ಒಳಗೋಡೆಗೆ ಲೋಳೆಯ ಲೇಪವಿದೆ, ಆ ಗೋಡೆ ಬಿಡುವಿಲ್ಲದೆ ತನ್ನ ಚರ್ಮ ಬದಲಿಸುತ್ತಲೇ ಇರುತ್ತದೆ ಎಂದು ವಿವರಿಸಿದರು. ಲೇಪ ಎಲ್ಲೋ ಒಂದು ಕಡೆ ಸೋತಾಗ ಹುಣ್ಣು. "ನಾವು ರೋಗ ನೋಡಿ ಆಶ್ಚರ್ಯ ಪಡ್ತೀವಿ. ದಿನಾ ಎಲ್ಲರಿಗೂ ಹುಣ್ಣಾಗದೆ ಇರೋದೇ ಆಶ್ಚರ್ಯ" ಎಂದರು. ಆ ಮಾತನ್ನು ನಾನು ಮುಂದೆ ಎಷ್ಟೋ ಹುಡುಗಿಯರಿಗೆ ಹೇಳಿದ್ದೇನೆ.

ಹೊಟ್ಟೆಯ ಕೆಲಸದಲ್ಲಿ ರೋಗಕ್ಕಿಂತ ಹೆಚ್ಚು ತೊಡಕು ಕೊಡುವುದು ನಾಚಿಕೆ. ಇದನ್ನು ಮೊದಲು ಕಲಿತದ್ದು ನೆಲ್ಯಹುದಿಕೇರಿ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ. ಹಣ್ಣು ಕೀಳುವ ಹೆಂಗಸರು ಒಬ್ಬೊಬ್ಬರಾಗಿ ಬಿಳಿಚಿಕೊಂಡು, ಗುಡ್ಡ ಹತ್ತಿದರೆ ಏದುಸಿರು ಬಿಡುತ್ತಿದ್ದರು. ಕೊಕ್ಕೆಹುಳ ಇರಬೇಕೆಂದು ಡಾಕ್ಟರಿಗೆ ಅನುಮಾನ. ಆ ಹುಳ ಬರಿಗಾಲಿನ ಚರ್ಮದಿಂದ ಒಳಗೆ ಹೋಗಿ, ಸುತ್ತಿಬಳಸಿ ಸಣ್ಣಕರುಳು ಸೇರಿ, ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಎಲ್ಲರೂ ಬೆಳಗಿನ ಮಲವನ್ನು ಡಬ್ಬಿಯಲ್ಲಿ ತರಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೂಲಕ ಹೇಳಿಸಿದೆವು. ಮರುದಿನ ಸಾಲಾಗಿ ಡಬ್ಬಿಗಳು ಬಂದವು. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೇ ನೋಡಿದರು. ಒಂದರಲ್ಲೂ ಹುಳದ ಮೊಟ್ಟೆ ಇಲ್ಲ. ಆದರೆ ಎಲ್ಲ ಡಬ್ಬಿಯಲ್ಲೂ ಸೀಬೆಹಣ್ಣಿನ ಬೀಜ.

"ಏನಯ್ಯಾ ರೈಟರ್, ಇಡೀ ಲೈನಿನವರು ನಿನ್ನೆ ಸೀಬೆಹಣ್ಣೇ ತಿಂದ್ರಾ?"

ರೈಟರ್ ಪಕ್ಕಕ್ಕೆ ಸರಿದ. ಮುಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬಳು ಸಮಾಧಾನವಾಗಿ ಹೇಳಿದಳು: "ಎಲ್ಲಾ ಮುನಿಯಾಂಡೀದೇ ಸಾಮೀ. ನಮ್ದು ಕೊಡಕ್ಕೆ ವೆಟ್ಕ ಆಗುತ್ತೆ. ಅವನ್ದು ನಲ್ಲಾ ಇರುಕ್ಕು."

ತಮ್ಮದು ಕೊಡಲು ನಾಚಿಕೆ, ಅವನದು ಚೆನ್ನಾಗಿದೆ ಎಂದು ಅವಳ ಮಾತಿನ ಅರ್ಥ. ಮುನಿಯಾಂಡಿ ಬಂಗಲೆಯ ಡ್ರೈವರ್. ಲೈನಿನಲ್ಲಿ ವರ್ಷವಿಡೀ ಬೂಟು ಹಾಕುವವನು ಅವನೊಬ್ಬನೇ. ಡಾಕ್ಟರು ನಗಲಿಲ್ಲ. ಅವನ ಬೂಟು ತೋರಿಸಿ, ಇವನ ಹೊಟ್ಟೆ ಯಾಕೆ ಚೆನ್ನಾಗಿದೆ ಎಂದು ಅಲ್ಲಿಯೇ ಪಾಠ ಮಾಡಿದರು. ಆಮೇಲೆ ಹೆಂಗಸರ ಡಬ್ಬಿಗಳನ್ನು ಹೆಂಗಸರೇ, ಅಂದರೆ ನಾನು ಮತ್ತು ಮಗ್ದಲೀನ ಸಿಸ್ಟರ್, ಮನೆಮನೆಗೆ ಹೋಗಿ ತೆಗೆದುಕೊಳ್ಳುವುದೆಂದಾಯಿತು. ನಿಜವಾದ ಹುಳ ಆಗ ಸಿಕ್ಕಿತು.

ಇನ್ನು ಪೂವಮ್ಮನ ವಿಷಯ.

ಆ ಜುಲೈ ಕೊನೆಯಲ್ಲಿ ಮಾದಾಪುರದಾಚೆಯ ಹಳ್ಳಿಯಿಂದ ಒಬ್ಬ ಹೆಂಗಸನ್ನು ಕುರ್ಚಿಗೆ ಕಟ್ಟಿ ಹೊತ್ತು ತಂದರು. ಅರೆಭಾಷೆ ಮಾತಾಡುವ, 'ಇದೆ' ಎನ್ನಲು 'ಉಟ್ಟು' ಎನ್ನುವ ಗೌಡರ ಮನೆಯವರು, ಸ್ವಂತ ಗದ್ದೆ, ಸ್ವಲ್ಪ ಕಾಫಿ. ಪೂವಮ್ಮನಿಗೆ ಸುಮಾರು ನಲವತ್ತು ವಯಸ್ಸು. ಜೊತೆಗೆ ಬಂದವರು ಅವರ ಅಕ್ಕ ದೇವಕ್ಕ. ಹೊಟ್ಟೆ ಉಬ್ಬಿತ್ತು, ವಾಂತಿ ಹಸಿರಾಗಿತ್ತು. ತೊಡೆಯ ಸಂದಿನಲ್ಲಿ ನಿಂಬೆಗಾತ್ರದ ಗಂಟು. ಅದು ವರ್ಷಗಳಿಂದ ಇತ್ತಂತೆ. ಜಾಗ ಅಂಥದ್ದೆಂದು ಗಂಡನಿಗೂ ಹೇಳಿರಲಿಲ್ಲ. ಮಲಗಿದಾಗ ಒಳಗೆ ಹೋಗುತ್ತಿದ್ದ ಗಂಟು ಈ ಸಲ ಹೋಗಿರಲಿಲ್ಲ. ಕರುಳಿನ ಒಂದು ಮಡಿಕೆ ಹೊರಗೆ ಜಾರಿ, ಕುತ್ತಿಗೆ ಹಿಚುಕಿದ ಹಾಗೆ ಸಿಕ್ಕಿಕೊಂಡಿತ್ತು.

ಆ ಆಪರೇಷನ್ನಿನಲ್ಲಿ ದೀಪ ಹಿಡಿದು ನಿಂತಿದ್ದವಳು ನಾನು. ಡಾಕ್ಟರು ಬಿಗಿಯನ್ನು ಕತ್ತರಿಸಿ ಕರುಳನ್ನು ಈಚೆಗೆ ತೆಗೆದರು. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವರು ಕತ್ತರಿ ಎತ್ತಲಿಲ್ಲ. ಬಿಸಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಕೈ ಕಟ್ಟಿ ನಿಂತರು.

"ಏನು ಕಾಯ್ತಿದ್ದೀರಿ ಡಾಕ್ಟ್ರೇ?" ಎಂದೆ ಮೆಲ್ಲಗೆ.

"ಅದರ ತೀರ್ಮಾನ. ಬದುಕ್ತೀನಿ ಅನ್ನೋ ಭಾಗಾನ ನಾನ್ಯಾಕೆ ಕತ್ತರಿಸಲಿ?"

ಬಟ್ಟೆ ಬಿಚ್ಚಿದಾಗ ಹೆಚ್ಚಿನ ಭಾಗ ಗುಲಾಬಿ ಬಣ್ಣಕ್ಕೆ ಬಂದಿತ್ತು. ಅಷ್ಟೇ ಅಲ್ಲ, ಚಲಿಸತೊಡಗಿತ್ತು. ಒಂದು ಕಡೆ ಉಂಗುರದಂತೆ ಬಿಗಿದು, ಆ ಬಿಗಿತ ಮುಂದೆ ಮುಂದೆ ಸರಿದು, ಹಿಂದೆ ಸಡಿಲವಾಗಿ, ಮತ್ತೆ ಹೊಸ ಅಲೆ. ಪೂವಮ್ಮನಿಗೆ ಪ್ರಜ್ಞೆ ಇರಲಿಲ್ಲ, ಅವರ ಕರುಳಿಗೆ ಇತ್ತು. ನೋಡಲು ಬಗ್ಗಿ ಬೆಳಕಿಗೆ ಅಡ್ಡ ಬಂದೆನೆಂದು ಸಿಸ್ಟರ್ ಗದರಿದ್ದು ನೆನಪಿದೆ. ಒಂದು ಗೇಣಿನಷ್ಟು ಭಾಗ ಮಾತ್ರ ಕಪ್ಪಾಗಿಯೇ ಉಳಿಯಿತು. ಅದನ್ನು ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿದರು. ಹೊಲಿಗೆ ಮುಗಿಯುವ ಹೊತ್ತಿಗೆ ಇಡೀ ಕರುಳು ಸ್ತಬ್ಧವಾಗಿತ್ತು.

"ಕೈ ಹಾಕಿದ್ರೆ ಅದಕ್ಕೆ ಕೋಪ" ಎಂದರು ಡಾಕ್ಟರು. "ಕೆಲವು ದಿನ ಮಲಗುತ್ತೆ. ತಾನಾಗಿ ಏಳಬೇಕು. ಎದ್ದ ಗುರುತು ಎರಡು. ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ರೆ ಗುಳುಗುಳು ಶಬ್ದ ಕೇಳಬೇಕು, ಕೆಳಗಿನಿಂದ ಗಾಳಿ ಹೋಗಬೇಕು. ಅಲ್ಲೀವರೆಗೆ ಬಾಯಿಗೆ ಹನಿ ನೀರೂ ಇಲ್ಲ."

ಈಗಿನ ವೈದ್ಯರು ಇಷ್ಟು ದಿನ ಉಪವಾಸ ಇಡುವುದಿಲ್ಲ, ಬೇಗ ಕುಡಿಯಲು ಕೊಡುತ್ತಾರೆ. ಆಗಿನ ಕ್ರಮ ಅದು. ಕೈಯ ನರದಿಂದ ಉಪ್ಪುನೀರು, ಮೂಗಿನಿಂದ ಜಠರಕ್ಕೆ ನಳಿಕೆ. ದೇವಕ್ಕನಿಗೆ ಇದು ಶುದ್ಧ ಕ್ರೌರ್ಯವಾಗಿ ಕಂಡಿತು. ನನ್ನ ಸೆರಗು ಹಿಡಿದು ಕೇಳುತ್ತಿದ್ದರು: "ಸಿಸ್ಟರೇ, ಒಂದ್ ಗುಟುಕು ಗಂಜಿ ನೀರಾರೂ ಕೊಡಿ. ಬರೀ ಹೊಟ್ಟೆಲಿ ಜೀವ ಹೆಂಗೆ ನಿಂತದೆ?"

ತೊಂದರೆ ಎಲ್ಲಿಂದ ಬಂತೆಂದರೆ, ಮೇಲಿನ ಶೀಟಿನಿಂದ. ಆ ವಾರ ಮಳೆ ಬಿಡಲೇ ಇಲ್ಲ. ಡಾಕ್ಟರು ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಕಿವಿಗೆ ಬರುತ್ತಿದ್ದದ್ದು ಸತುವಿನ ಶೀಟಿನ ಭೋರ್ಗರೆತ ಮಾತ್ರ. ತಲೆಯ ಮೇಲೆ ಕಂಬಳಿ ಹೊದ್ದುಕೊಂಡು ಕೇಳಿ ನೋಡಿದರು, ಆಗಲಿಲ್ಲ. ಆದ್ದರಿಂದ ಎರಡನೇ ಗುರುತೇ ಗತಿಯಾಯಿತು. ಪ್ರತಿದಿನ ಬೆಳಿಗ್ಗೆ ರೌಂಡ್ಸಿಗೆ ಬಂದವರು ಮಂಚದ ಕಾಲ್ದೆಸೆಯಲ್ಲಿ ನಿಂತು, ಮಳೆಯ ಸದ್ದಿಗಿಂತ ಮೇಲೆ ಕೇಳುವ ಹಾಗೆ ಕೂಗುತ್ತಿದ್ದರು:

"ಪೂವಮ್ಮಾ, ಗಾಳಿ ಹೋಯ್ತಾ?"

ವಾರ್ಡಿನ ಎಲ್ಲ ತಲೆಗಳೂ ತಿರುಗುತ್ತಿದ್ದವು. ಪೂವಮ್ಮ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ದೇವಕ್ಕ ಬಗ್ಗಿ ತಂಗಿಯ ಮುಖ ನೋಡಿ, "ಇಲ್ಲೆ ಡಾಕ್ಟ್ರೇ" ಎನ್ನುತ್ತಿದ್ದರು.

ಹೀಗೆಯೇ ದಿನಗಳು ಕಳೆದವು. ಜ್ವರ ಸ್ವಲ್ಪ ಬಂತು, ನಾಡಿ ವೇಗವಾಯಿತು, ಹೊಟ್ಟೆ ಇನ್ನೂ ಬಿಗಿಯಾಗಿಯೇ ಇತ್ತು. ಒಂದು ಸಂಜೆ ಡಾಕ್ಟರು ನನ್ನನ್ನೂ ಮಗ್ದಲೀನ ಸಿಸ್ಟರನ್ನೂ ಕರೆದರು. ಮೂಗಿನ ನಳಿಕೆಯಿಂದ ಗಂಟಲು ಹುಣ್ಣಾಗಿದೆ, ಈ ರಾತ್ರಿಯ ಮಟ್ಟಿಗೆ ತೆಗೆದುಬಿಡಿ ಎಂದರು. ನಂತರ ಹೇಳಿದರು: "ನಾಳೆ ಬೆಳಿಗ್ಗೆ ಮತ್ತೆ ಹೊಟ್ಟೆ ತೆರೀತೀನಿ. ನನ್ನ ಹೊಲಿಗೆ ಕಟ್ಟಿಕೊಂಡಿರಬೇಕು, ಇಲ್ಲಾ ಸೋರ್ತಿರಬೇಕು."

"ತಡ್ಕೊಳ್ತಾರಾ ಡಾಕ್ಟ್ರೇ?" ಎಂದರು ಸಿಸ್ಟರ್.

"ಇಷ್ಟು ದಿನ ಬರೀ ಉಪ್ಪುನೀರಿನ ಮೇಲೆ ಇರೋ ಹೆಂಗಸು. ತಡ್ಕೊಳ್ಳಲ್ಲ ಅಂತಾನೇ ನನ್ನ ಭಯ. ತೆರೀದಿದ್ರೂ ಉಳಿಯಲ್ಲ."

ಅವರು ಅಷ್ಟು ನೇರವಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾಳೆ ಮತ್ತೆ ಆಪರೇಷನ್ ಎಂದಷ್ಟನ್ನೇ ದೇವಕ್ಕನಿಗೂ ತಿಳಿಸಿದರು.

ಆ ದಿನ ಆಟಿ ಹದಿನೆಂಟು. ಹೊರಗಿನಿಂದ ಬರುವ ಹುಡುಗಿಯರಿಗಾಗಿ ವಿವರಿಸುತ್ತೇನೆ. ಆಟಿ ತಿಂಗಳು, ಅಂದರೆ ಕೊಡವರು ಕಕ್ಕಡ ಎನ್ನುವ ಮಳೆಯ ತಿಂಗಳು. ಅದರ ಹದಿನೆಂಟನೆಯ ದಿನ ಕೊಡಗಿನ ಮನೆಗಳಲ್ಲಿ ಕಾಡಿನ ಮದ್ದುಸೊಪ್ಪನ್ನು ಕುದಿಸಿ, ಆ ನೇರಳೆ ರಸದಲ್ಲಿ ಅಕ್ಕಿ ಬೆಲ್ಲ ಹಾಕಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿಗೆ ಹದಿನೆಂಟು ಬಗೆಯ ಔಷಧದ ಗುಣ ಬರುತ್ತದೆಂಬ ನಂಬಿಕೆ. ಜಾತಿ ಭಾಷೆ ನೋಡದೆ ಅಕ್ಕಪಕ್ಕದವರಿಗೂ ಹಂಚುತ್ತಾರೆ. ನಮ್ಮ ಕ್ವಾರ್ಟರ್ಸಿಗೂ ಒಂದು ಪಾತ್ರೆ ಬಂದಿತ್ತು. ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಇಲ್ಲಿಯವರಿಗೆ ಅದು ತಮಾಷೆಯ ವಿಷಯ.

ಬೆಳಿಗ್ಗೆ ಆಪರೇಷನ್ ಕೋಣೆಯ ಸ್ಟೌವಿನ ಮೇಲೆ ಉಪಕರಣಗಳು ಕುದಿಯುತ್ತಿದ್ದವು. ನಾನು ಎಂದಿನಂತೆ ಪೂವಮ್ಮನ ಮೂತ್ರದ ಬಾಟಲಿ ಅಳೆಯಲು ಹೋದೆ. ಕೈ ನಿಂತಿತು. ಕೆಂಪು. ಬಾಯಿಗೆ ನೀರೂ ಹೋಗದ ರೋಗಿ, ಕೆಂಪೆಂದರೆ ರಕ್ತವೇ ಎಂದು ಮೊದಲು ಅನ್ನಿಸಿತು. ಕಿಟಕಿಯ ಬೆಳಕಿಗೆ ಹಿಡಿದೆ. ಅದು ರಕ್ತದ ಮಂಕು ಕೆಂಪಲ್ಲ, ತಿಳಿಯಾದ ಕೆಂಪು. ಆ ಬೆಳಿಗ್ಗೆ ನನ್ನದೂ ಅದೇ ಬಣ್ಣವಿತ್ತು. ಬಾಟಲಿ ಹಿಡಿದು ಡಾಕ್ಟರ ಬಳಿ ಓಡಿದೆ.

"ಡಾಕ್ಟ್ರೇ, ಇದು ಮದ್ದುಸೊಪ್ಪಿನ ಬಣ್ಣ ಇದ್ದಂಗಿದೆ."

"ಯಾವ ಸೊಪ್ಪು?"

ಹೇಳಿದೆ. ಅವರು ಕೊಡಗಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಿನ್ನೆ ಮ್ಯಾನೇಜರ್ ಬಂಗಲೇಲಿ ಒಂದು ನೇರಳೆ ಪಾಯಸ ಕೊಟ್ರು. ಎರಡು ಬಟ್ಟಲು ತಿಂದೆ. ಅದೇನಾ?"

"ಅದೇ ಸರ್."

"ನಾನು ಬೆಳಿಗ್ಗೆ ಎದ್ದವನು ಕಿಡ್ನಿ ಹೋಯ್ತು ಅಂತ ತಿಳ್ಕೊಂಡೆ ಅಮ್ಮಾ. ಈ ಕೇಸ್ ಮುಗಿಸಿ ಮದರಾಸಿಗೆ ಹೊರಡೋಣ ಅಂತಿದ್ದೆ."

ಸಿಸ್ಟರ್ ಮುಖ ತಿರುಗಿಸಿ ನಕ್ಕರು. ಡಾಕ್ಟರು ನಗುತ್ತಲೇ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ರಕ್ತಕಣ ಇರಲಿಲ್ಲ. ತಲೆ ಎತ್ತಿದಾಗ ಅವರ ನಗು ನಿಂತಿತ್ತು. ನೇರ ವಾರ್ಡಿಗೆ ನಡೆದರು.

ದೇವಕ್ಕ ಏನನ್ನೂ ಮುಚ್ಚಿಡಲಿಲ್ಲ. "ನಾನೇ ಕೊಟ್ಟೆ. ನಳಿಗೆ ತೆಗ್ದ ಮೇಲೆ. ಪಾಯಸ ಅಲ್ಲ, ಮನೆಂದ ತಂದ ಬರೀ ರಸ, ನಾಲ್ಕ್ ಚಮಚ. ವರ್ಷಕ್ಕೆ ಒಂದ್ ದಿನ ಬರ್ದು ಡಾಕ್ಟ್ರೇ. ನಾಳೆ ಹೊಟ್ಟೆ ಕೊಯ್ಯುವೆ ಅಂತ ಹೇಳಿದಿರಿ. ಆಟಿ ಮದ್ದು ಕುಡಿಯದೆ ಅವ್ಳ್ ಹೋಗೊದು ಬೇಡ ಅಂತ."

"ವಾಂತಿ ಆಯ್ತಾ?"

"ಇಲ್ಲೆ."

ಬೈಗುಳಕ್ಕೆ ನಾವೆಲ್ಲ ಸಿದ್ಧರಾಗಿದ್ದೆವು. ಡಾಕ್ಟರು ಸ್ಟೂಲಿನ ಮೇಲೆ ಕೂತು, ಬೆರಳಿನಿಂದ ತಮ್ಮದೇ ಹೊಟ್ಟೆಯ ಮೇಲೆ ದಾರಿ ಗೀಚುತ್ತಾ ಯೋಚಿಸಿದರು, ಅರ್ಧ ನಮಗೆ, ಅರ್ಧ ತಮಗೆ.

"ಬಾಯಿ. ಗಂಟಲು. ಜಠರ. ಜಠರ ಅರೆಯುತ್ತೆ, ಹೀರಿಕೊಳ್ಳೋದು ಬಹಳ ಕಮ್ಮಿ. ಅದು ಮಲಗಿದ್ದಿದ್ರೆ ರಸ ಅಲ್ಲೇ ನಿಂತು ವಾಂತಿಯಾಗ್ತಿತ್ತು. ಬಣ್ಣ ಮೂತ್ರಕ್ಕೆ ಬರಬೇಕಾದ್ರೆ ಜಠರದ ಕೆಳಗಿನ ಬಾಗಿಲು ತೆರೆದು ಸಣ್ಣಕರುಳಿಗೆ ಬಿಡಬೇಕು. ಸಣ್ಣಕರುಳಿನ ಒಳಗೋಡೆ ಮಖಮಲ್ ಥರ. ಆ ನವಿರು ಎಳೆಗಳು ಬಣ್ಣ ಹೀರಬೇಕು, ರಕ್ತಕ್ಕೆ ಕೊಡಬೇಕು, ರಕ್ತ ಮೂತ್ರಪಿಂಡಕ್ಕೆ ಒಯ್ಯಬೇಕು. ಇಷ್ಟೂ ರಾತ್ರಿಯೊಳಗೆ ಆಗಿದೆ." ಅವರು ಬಾಟಲಿಯನ್ನು ಬೆಳಕಿಗೆ ಹಿಡಿದ ರೀತಿ ನನಗೆ ಇಂದಿಗೂ ಕಣ್ಣ ಮುಂದಿದೆ. ಬೆಳ್ಳಿಯ ಕಪ್ ಗೆದ್ದವರು ಹಾಗೆ ಹಿಡಿಯುತ್ತಾರೆ. "ಮೇಲಿನ ಭಾಗ ಎದ್ದಿದೆ. ನನ್ನ ಹೊಲಿಗೆ ಇನ್ನೂ ಕೆಳಗಿದೆ. ಅಲ್ಲಿ ದಾರಿ ಇದೆಯೋ ಇಲ್ಲವೋ ಈ ಬಣ್ಣ ಹೇಳಲ್ಲ. ಆದ್ರೆ ಮೇಲಿನದು ಎದ್ದು, ಇಷ್ಟು ದಿನದಲ್ಲಿ ಒಂದು ಸಲವೂ ಗಾಳಿ ಹೋಗಿಲ್ಲ ಅಂದ್ರೆ..."

ಮಾತು ಅರ್ಧಕ್ಕೆ ನಿಲ್ಲಿಸಿ ಅವರು ವಾರ್ಡನ್ನು ಸುತ್ತ ನೋಡಿದರು. ಎಲ್ಲ ಮಂಚಗಳಿಂದ ತಲೆಗಳು ಇತ್ತ ತಿರುಗಿದ್ದವು. ಪೂವಮ್ಮ ಗೋಡೆ ನೋಡುತ್ತಿದ್ದರು. ಡಾಕ್ಟರು ಎದ್ದು ನಿಂತರು, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ನಾನೂ ಅಕ್ಕನೂ ಹೊರಗೆ ಹೋಗ್ತೀವಿ. ಪರದೆ ಎಳಿ. ನೀನು ಕೇಳು. ಮೆಲ್ಲಗೆ."

ಪರದೆ ಎಳೆದೆ. ಹಾಳೆ ಬದಲಿಸುವ ನೆಪದಲ್ಲಿ ಅವರ ಪಕ್ಕ ಬಗ್ಗಿದೆ. ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತಿದೆ.

"ಪೂವಮ್ಮಾ, ಇಲ್ಲಿ ನಾನೊಬ್ಳೇ. ಒಂದ್ಸಲನಾದ್ರೂ ಹೋಯ್ತಾ?"

ಅವರು ಪರದೆ ಪೂರ್ತಿ ಮುಚ್ಚಿದೆಯೇ ಎಂದು ನೋಡಿದರು. ಆಮೇಲೆ, ಮಳೆಯಲ್ಲಿ ಕೇಳಿಸುವುದೋ ಇಲ್ಲವೋ ಎಂಬಂತೆ: "ಮೊನ್ನೆಂದಲೇ ಹೋಗ್ತಾ ಉಟ್ಟು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟ್ ಜನರ ಎದುರ್, ಗಂಡಸು ಕೇಳಿರೆ, ಅದ್ ಹೇಳಿಕೆ ಆದೆನಾ? ಅಕ್ಕನೂ ಇತ್ತ್." ಮತ್ತೆ, "ಇದ್ಕೇ ಹೊಟ್ಟೆ ಕೊಯ್ಯುದು ಅಂತ ನಂಗೆ ಗೊತ್ತಿತ್ಲೆ" ಎಂದರು. ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯಿತು.

ಹೊರಗೆ ಬಂದು ಹೇಳಿದೆ. ಮಗ್ದಲೀನ ಸಿಸ್ಟರ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಡಾಕ್ಟರು ಗೋಡೆಗೆ ಒರಗಿ ನಿಂತೇ ಇದ್ದರು. ನಾನು ಮುಂದೆ ಬಹಳ ಡಾಕ್ಟರುಗಳ ಕೈಕೆಳಗೆ ಕೆಲಸ ಮಾಡಿದೆ. ಅವರಲ್ಲಿ ಎಷ್ಟೋ ಜನ ಆ ಹೊತ್ತಿಗೆ ರೋಗಿಯನ್ನು ಬೈಯುತ್ತಿದ್ದರು. ಇವರು ಹೇಳಿದ್ದು ಇಷ್ಟು: "ಕರುಳು ಸರಿಯಾಗಿಯೇ ಕೆಲಸ ಮಾಡ್ತಿತ್ತು. ನಾನು ಕೇಳಿದ ರೀತಿ ಕೆಟ್ಟದು. ಇನ್ಮೇಲೆ ಹೆಂಗಸರ ವಾರ್ಡಲ್ಲಿ ಇದನ್ನ ನಾನು ಕೇಳಲ್ಲ. ನೀವು ಕೇಳಿ, ಹಾಳೆ ಬದಲಿಸುವಾಗ, ಒಬ್ಬೊಬ್ಬರೇ ಇದ್ದಾಗ." ಆಮೇಲೆ ಗಾಯದ ಕಟ್ಟು ಬಿಚ್ಚಿ ನೋಡಿದರು. ಒಂದು ಹೊಲಿಗೆಯ ಬುಡದಲ್ಲಿ ಸ್ವಲ್ಪ ಕೀವು ಸಿಕ್ಕಿತು. ಜ್ವರ ಅದರದ್ದು. ಹೊಟ್ಟೆಯ ಬಿಗಿಯೂ ಹಿಂದಿನ ದಿನಕ್ಕಿಂತ ಕಡಿಮೆ ಇದೆ ಎಂದರು.

ಹುಡುಗಿಯರೇ, ಈಗ ಹೊಟ್ಟೆಯೊಳಗನ್ನು ತೋರಿಸುವ ಯಂತ್ರಗಳು ಬಂದಿವೆ. ಆದರೂ ಕರುಳಿನ ಸುದ್ದಿಯನ್ನು ರೋಗಿಯ ಬಾಯಿಂದ ಪಡೆಯುವ ಕೆಲಸ ನಿಮ್ಮದೇ. ಪರದೆ ಎಳೆದು ಕೇಳಿ.

ಡಾಕ್ಟರು ಆಪರೇಷನ್ ಕೋಣೆಗೆ ಹೋಗಿ, ಕುದಿಯುತ್ತಿದ್ದ ಉಪಕರಣಗಳ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ ನೆಲಕ್ಕಿಟ್ಟರು. "ಸಿಸ್ಟರ್, ಸ್ಟೌ ಆರಿಸಬೇಡಿ. ಅದರ ಮೇಲೇ ಗಂಜಿ ಇಡಿ. ತೆಳ್ಳಗೆ."

ಗಂಜಿ ಕಾಯಿಸಲು ದೇವಕ್ಕ ಬೇರೆ ಯಾರನ್ನೂ ಬಿಡಲಿಲ್ಲ. ತಿಳಿಯನ್ನು ಬಸಿದು ನಾನು ಚಮಚದಲ್ಲಿ ಕೊಟ್ಟೆ. ಪೂವಮ್ಮ ಮೊದಲನೆಯದನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡು ಆಮೇಲೆ ನುಂಗಿದರು. ಗಂಟಲು ಏರಿ ಇಳಿಯುವುದನ್ನು ನಾನೂ ದೇವಕ್ಕನೂ ನೋಡುತ್ತಿದ್ದೆವು. ಡಾಕ್ಟರು ವಾರ್ಡಿನ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ, ಹೊರಗಿನ ಮಳೆ ನೋಡುತ್ತಾ ನಿಂತಿದ್ದರು.

"ಸರೋಜಾ, ಇನ್ನೂ ಬೇಕಾ ಅಂತ ಕೇಳಿ ಹೇಳು" ಎಂದರು, ತಿರುಗದೆಯೇ.

ನಾನು ಬಗ್ಗುವ ಮೊದಲೇ ಪೂವಮ್ಮ ಬಾಗಿಲ ಕಡೆ ಮುಖ ತಿರುಗಿಸಿದರು. ಇಡೀ ವಾರ್ಡಿಗೆ ಕೇಳುವ ಹಾಗೆ, ಮಳೆಯ ಮೇಲೆ ದನಿ ಏರಿಸಿ ತಾವೇ ಉತ್ತರ ಕೊಟ್ಟರು:

"ಬೇಕ್ ಡಾಕ್ಟ್ರೇ. ಉಪ್ಪು ಒಂಚೂರ್ ಕಮ್ಮಿ ಉಟ್ಟು."